ಎಲ್ಲರಿಗೂ ಅರವತ್ತು

ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ಇಪ್ಪತ್ತೆರಡು ವರ್ಷಗಳಿಂದ ಇನ್ನೊಬ್ಬರ ತಪ್ಪುಗಳಿಂದಲೇ ನನ್ನ ಸಂಸಾರ ನಡೆದಿದೆ. ಬೀದಿಯಲ್ಲಿ ನಡೆಯುವಾಗ ಯಾವುದಾದರೂ ಅಂಗಡಿಯ ಹಲಗೆಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ನನಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಾಗುತ್ತದೆ. ಒಳಗೆ ಹೋಗಿ ಹೇಳಿಬಂದರೇ ಸಮಾಧಾನ. ಹೀಗೆ ಹೇಳಿ ಹೇಳಿ ನಮ್ಮ ಬೀದಿಯಲ್ಲಿ ಮೂರು ಅಂಗಡಿಯವರು ನನ್ನನ್ನು ಕಂಡರೆ ಒಳಗಿನ ಕೋಣೆಗೆ ಹೋಗುತ್ತಾರೆ.

ಅಚ್ಚುಕೂಟದಲ್ಲಿ ನನ್ನನ್ನು ಕರೆಯುವುದು ದೀರ್ಘಣ್ಣ ಎಂದು. ಬಿಟ್ಟುಹೋದ ದೀರ್ಘಗಳನ್ನೆಲ್ಲ ಹುಡುಕಿ ಹಾಕುತ್ತೇನಲ್ಲ, ಅದರ ಗೌರವಕ್ಕೆ ಬಂದ ಹೆಸರು ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಬಾಯಿ ತೆರೆದರೆ ಮುಚ್ಚುವುದಿಲ್ಲ ಎಂಬ ಕಾರಣಕ್ಕೆ ಬಂದ ಹೆಸರು ಎಂದು ಗೊತ್ತಾಗಲು ಹದಿನಾಲ್ಕು ವರ್ಷ ಬೇಕಾಯಿತು. ಅದನ್ನೂ ನನ್ನ ಹೆಂಡತಿಯೇ ಹೇಳಿದ್ದು.

ಒಂದು ಮಧ್ಯಾಹ್ನ ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ವರ್ಷದ ಫಲಿತಾಂಶ ಪುಸ್ತಿಕೆ ಕರಡಿಗೆ ಬಂತು. ನನ್ನ ಮಗಳು ಅದೇ ಶಾಲೆಯಲ್ಲಿ ಏಳನೆಯ ತರಗತಿ. ಹಾಳೆಗಳನ್ನು ಮಗುಚುತ್ತಾ ಹೋದೆ. ಗಣಿತದ ಕಾಲಮ್ಮಿನಲ್ಲಿ ಮೊದಲ ಹುಡುಗಿಗೆ ಅರವತ್ತು. ಎರಡನೆಯವನಿಗೆ ಅರವತ್ತು. ಮೂರನೆಯವಳಿಗೂ ಅರವತ್ತು. ಪುಟದ ಕೊನೆಯವರೆಗೂ ಅರವತ್ತು. ಮುಂದಿನ ಪುಟದಲ್ಲೂ ಅದೇ. ನನಗೆ ನಗು ಬಂತು. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವ ಹುಡುಗಿಯ ಕೈ ಎಲ್ಲೋ ಒಂದು ಕೀಲಿಯ ಮೇಲೆ ನಿದ್ದೆ ಹೋಗಿದೆ ಎಂದುಕೊಂಡು, ಕಾಲಮ್ಮಿನ ಉದ್ದಕ್ಕೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಮೂಲ ನೋಡಿ' ಎಂದು ಬರೆದು ಕಳಿಸಿದೆ.

ಅವಳು ಹಾಗೆಯೇ ವಾಪಸ್ಸು ಕಳಿಸಿದಳು. ನಾನು ಇನ್ನೊಂದು ಗೆರೆ ಎಳೆದೆ. ಮೂರನೆಯ ಸಲ ಅವಳೇ ಎದ್ದು ಬಂದಳು.

"ಸಾರ್, ಮೂಲದಲ್ಲೇ ಹಾಗಿದೆ."

"ಅರವತ್ತೆಂಟು ಮಕ್ಕಳಿಗೂ ಅರವತ್ತಾ?"

"ನಾನ್ ಟೈಪ್ ಮಾಡ್ತೀನಿ ಸಾರ್, ಪಾಠ ಮಾಡಲ್ಲ."

ಸಂಜೆ ಕೆಲಸ ಮುಗಿಸಿ ನೇರ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಬೀಗದ ಕೈ ಹಿಡಿದು ಹೊರಡುತ್ತಿದ್ದರು. ದೊಡ್ಡ ಕಳ್ಳತನ ಪತ್ತೆಹಚ್ಚಿದವನ ಹಾಗೆ ಕರಡನ್ನು ಅವರ ಮುಂದೆ ಹಿಡಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಗಣಿತ ಹೇಳಿಕೊಡೋಕೆ ಎರಡು ವರ್ಷದಿಂದ ಯಾರೂ ಇಲ್ಲ. ಪಾಠ ಇಲ್ದೆ ಪರೀಕ್ಷೆ ಏನು ಮಾಡೋದು? ಸೊನ್ನೆ ಹಾಕಿದ್ರೆ ಮಕ್ಕಳು ಫೇಲು. ನೂರು ಹಾಕಿದ್ರೆ ನಾನು ಸಸ್ಪೆಂಡು. ಅರವತ್ತು ಹಾಕಿದ್ರೆ ಯಾರೂ ಏನೂ ಕೇಳಲ್ಲ. ನೀವೂ ಕೇಳಿರಲಿಲ್ಲವಲ್ಲ?"

ನನಗೆ ಕಿವಿ ಬಿಸಿಯಾಯಿತು. ಕಳೆದ ವರ್ಷ ಮಗಳು ಅಂಕಪಟ್ಟಿ ತಂದಾಗ ನಾನು ಸುಮ್ಮನೆ ರುಜು ಹಾಕಿರಲಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು, ಅರವತ್ತು ಪರವಾಗಿಲ್ಲ, ಆದರೆ ಸ್ವಲ್ಪ ಮನಸ್ಸಿಟ್ಟಿದ್ದರೆ ಎಪ್ಪತ್ತು ಬರುತ್ತಿತ್ತು ಎಂದು ಮುಕ್ಕಾಲು ಗಂಟೆ ಕೊರೆದಿದ್ದೆ. ಪಾಪ, ಅವಳು ನಡುವೆ, "ಅಪ್ಪಾ, ಎಲ್ರಿಗೂ ಅಷ್ಟೇ" ಎಂದಿದ್ದಳು. "ಎಲ್ಲರ ಸುದ್ದಿ ನಮಗ್ಯಾಕೆ?" ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಆ ಮುಕ್ಕಾಲು ಗಂಟೆಯಲ್ಲಿ ಗೊತ್ತಿರಬೇಕಾದ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ.

ತಪ್ಪಿತಸ್ಥನಿಗೆ ಬರುವ ಆವೇಶ ಪ್ರಾಮಾಣಿಕನಿಗೆ ಎಲ್ಲಿಂದ ಬರಬೇಕು? ಒಂದೇ ವಾರದಲ್ಲಿ ಪೋಷಕರ ಸಭೆ ಕರೆದೆ. ಕರಪತ್ರವನ್ನು ನಾನೇ ಬರೆದು ನಾನೇ ತಿದ್ದಿದೆ. ಸಭೆ ನಡೆದದ್ದು ಮೂರನೆಯ ತರಗತಿಯ ಕೋಣೆಯಲ್ಲಿ. ಎಂಟು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚುಗಳ ಮೇಲೆ ಇಪ್ಪತ್ತೇಳು ಜನ ದೊಡ್ಡವರು ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ನಾನೊಬ್ಬನೇ ನಿಂತಿದ್ದೆ, ಆದ್ದರಿಂದ ನನಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಸಮಾನತೆ, ಹಕ್ಕು, ನಾಳಿನ ಪೀಳಿಗೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಪೋಷಕರ ಸಮಿತಿಯೊಂದನ್ನು ಮಾಡುವುದೆಂದಾಗಿ, ಅದಕ್ಕೆ ಅಧ್ಯಕ್ಷರು ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಟ್ಟಿಗೇ ನನ್ನ ಕಡೆ ಕೈ ತೋರಿಸಿದರು. ಅದನ್ನು ಜನರ ವಿಶ್ವಾಸ ಎಂದು ನಾನು ತಿಳಿದೆ. ಅವರಿಗೆ ಮನೆಗೆ ಹೋಗಬೇಕಿತ್ತು, ಕಾಲು ಜೋಮು ಹಿಡಿದಿತ್ತು.

ಎಲ್ಲರೂ ಏಳುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬಾಕೆ ಕೈ ಎತ್ತಿದರು. ಸಿಟಿ ಬಸ್ ಓಡಿಸುವವರು, ಸಮವಸ್ತ್ರದಲ್ಲೇ ಬಂದಿದ್ದರು. ಅವರ ಮಗಳು ನನ್ನ ಮಗಳ ಪಕ್ಕದ ಸೀಟು. ಮಕ್ಕಳೆಲ್ಲ ಅವರನ್ನು ಸ್ಟೇರಿಂಗ್ ಆಂಟಿ ಅನ್ನುತ್ತಿದ್ದರು.

"ಒಂದು ಮಾತು ಇತ್ತು. ಆ ಗಣಿತದ ಮೇಷ್ಟ್ರು..."

"ಖಂಡಿತ ಕೇಳೋಣ, ಮುಂದಿನ ಸಭೇಲಿ," ಎಂದು ನಾನು ಅಧ್ಯಕ್ಷನ ಗತ್ತಿನಲ್ಲಿ ಹೇಳಿದೆ. ಅಧ್ಯಕ್ಷನಾಗಿ ಆಗ ಎರಡು ನಿಮಿಷವಾಗಿತ್ತು.

ಮುಂದಿನ ಮೂರು ವಾರ ನಾನು ಮನವಿಪತ್ರ ಬರೆದೆ. ಶಿಕ್ಷಣ ಮಂಡಳಿಗೆ ಹೋಗಬೇಕಾದದ್ದು. ಆರು ಕರಡುಗಳಾದವು. 'ಖಾಲಿ ಬಿದ್ದಿರುವ' ಎನ್ನುವುದೋ 'ತೆರವಾಗಿರುವ' ಎನ್ನುವುದೋ ಎಂದು ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನಕ್ಕೆ ನೂರು ಜನರ ಹಣೆಬರಹವನ್ನು ಒಂದೊಂದು ಸಾಲಿನಲ್ಲಿ ಬರೆದು ಮುಗಿಸುವವಳು.

"ಮೇಷ್ಟ್ರು ಬೇಕು ಅಂತ ಬರೀರಿ, ಸಾಕು," ಎಂದಳು.

"ಅದಕ್ಕೊಂದು ತೂಕ ಬೇಡವೇನೇ?"

"ತೂಕ ಮೇಷ್ಟ್ರಿಗಿರಲಿ."

ನಾಲ್ಕು ಪುಟದ ಮನವಿ ಹೋಯಿತು, ಅದರ ಬಾಲಕ್ಕೆ ನೂರಹನ್ನೆರಡು ರುಜುಗಳು. ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು. ತಮ್ಮ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿ ಇರುವುದಿಲ್ಲ. ಆದ್ದರಿಂದ ಮನವಿಯನ್ನು 'ಮುಕ್ತಾಯಗೋಳಿಸಲಾಗಿದೆ'. ಆ ಕೊನೆಯ ಪದದಲ್ಲಿ ಗಕಾರಕ್ಕೆ ಬೇಡದ ದೀರ್ಘ ಬಿದ್ದಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದನ್ನು ಕಂಡು ಒಂದು ಕ್ಷಣ ನನಗೆ ಗೆದ್ದಷ್ಟು ಖುಷಿಯಾಯಿತು.

ಎರಡನೆಯ ಸಭೆಗೆ ಬಂದವರು ಒಂಬತ್ತು ಜನ. ಉತ್ತರವನ್ನು ಓದಿ ಹೇಳಿದೆ. ಸ್ಟೇರಿಂಗ್ ಆಂಟಿ ಈ ಸಲ ಕೈ ಎತ್ತುವ ಗೋಜಿಗೇ ಹೋಗಲಿಲ್ಲ.

"ಅವತ್ತು ಅದನ್ನೇ ಹೇಳೋಕೆ ಬಂದೆ. ಹುದ್ದೆ ಖಾಲಿ ಇಲ್ಲ. ಮೇಷ್ಟ್ರು ಇದಾರೆ."

"ಎಲ್ಲಿದಾರೆ?"

"ನನ್ನ ಬಸ್ಸಲ್ಲಿ. ದಿನಾ ಬೆಳಗ್ಗೆ ಎಂಟು ಹತ್ತಕ್ಕೆ ಹತ್ತುತ್ತಾರೆ. ನಮ್ಮ ಶಾಲೆ ಮುಂದೇನೇ ಹಾದುಹೋಗಿ ದಿಣ್ಣೆ ಶಾಲೆ ಸ್ಟಾಪಲ್ಲಿ ಇಳೀತಾರೆ. ಒಂದ್ಸಲ ಅವರೇ ಕಿಟಕಿ ಕಡೆ ತೋರಿಸಿ, ನನ್ನ ಹಾಜರಿ ಪುಸ್ತಕ ಇಲ್ಲಿದೆ, ನಾನು ಮಾತ್ರ ಮೇಲಿದೀನಿ ಅಂದ್ರು. ತಾತ್ಕಾಲಿಕ ಅಂತ ಕಳಿಸಿದ್ದಂತೆ. ಎರಡು ವರ್ಷ ಆಯ್ತು."

ದಿಣ್ಣೆ ಶಾಲೆಯೂ ಸರ್ಕಾರದ್ದೇ. ಆದರೆ ಅದರ ಸುತ್ತ ಇರುವುದು ಕಾಂಪೌಂಡಿನ ಮನೆಗಳು. ಅಲ್ಲಿಯ ಪೋಷಕರು ಪತ್ರ ಬರೆಯುವುದಿಲ್ಲ, ಫೋನ್ ಮಾಡುತ್ತಾರೆ. ಅಲ್ಲಿ ಗಣಿತಕ್ಕೆ ಆಗಲೇ ಇಬ್ಬರಿದ್ದರು. ಸ್ಪರ್ಧಾ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಲು ಮೂರನೆಯವರು ಬೇಕಾಗಿದ್ದರು. ತಗ್ಗಿನಲ್ಲಿದ್ದ ನಮ್ಮವರನ್ನು ಎತ್ತಿಕೊಂಡು ಹೋದರು.

ಸಭೆಗೆ ಬಂದು ಮೂಲೆಯಲ್ಲಿ ಕೂತಿದ್ದ ಮುಖ್ಯೋಪಾಧ್ಯಾಯಿನಿಯ ಕಡೆ ನಾನು ತಿರುಗಿದೆ. ಅವರು ಗೋಡೆಯ ಮೇಲಿದ್ದ ಭೂಪಟ ನೋಡುತ್ತಾ, "ಆದೇಶ ಬಂದಿತ್ತು, ಕಳಿಸಿದೆ. ಬಾಯಿ ಬಿಟ್ರೆ ನನ್ನನ್ನೂ ಎತ್ತಿ ಎಲ್ಲಿಗಾದ್ರೂ ಹಾಕ್ತಾರೆ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಯಾರೂ ಇಲ್ಲ ಅಂತ ನಿಮಗಂದಿದ್ದು ನಿಜವೇ. ಯಾಕಿಲ್ಲ ಅಂತ ನೀವು ಕೇಳಲಿಲ್ಲ," ಎಂದು ಸೇರಿಸಿದರು.

ನಾಲ್ಕು ಪುಟದಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ವಿಷಯವೊಂದೇ ತಪ್ಪಾಗಿತ್ತು.

ಮಂಡಳಿ ವರ್ಷಕ್ಕೊಮ್ಮೆ ಬಹಿರಂಗ ಅಹವಾಲು ಸಭೆ ನಡೆಸುತ್ತದೆ. ಯಾರು ಬೇಕಾದರೂ ಹೆಸರು ಕೊಟ್ಟು ಮೂರು ನಿಮಿಷ ಮಾತಾಡಬಹುದು. ನಾನು ಹೆಸರು ಕೊಟ್ಟೆ. ಸ್ಟೇರಿಂಗ್ ಆಂಟಿಯೂ ಕೊಟ್ಟರು. ನನಗೆ ಒಳಗೊಳಗೇ ಸ್ವಲ್ಪ ಇರಿಸುಮುರಿಸಾಯಿತು. ಪಾಪ, ವೇದಿಕೆ ಅಭ್ಯಾಸವಿಲ್ಲ, ತಡವರಿಸಿಬಿಟ್ಟರೆ ಎಂದು ಅವರ ಬಗ್ಗೆ ಮರುಕಪಟ್ಟೆ.

ಅದಾಗಿ ಎರಡು ದಿನಕ್ಕೆ ಅಚ್ಚುಕೂಟದ ಯಜಮಾನರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರ ಮನೆ ದಿಣ್ಣೆಯ ಮೇಲೆ. ಮಗ ಆ ಶಾಲೆಯಲ್ಲಿ ಎಂಟನೆಯ ತರಗತಿ, ಸ್ಪರ್ಧಾ ಪರೀಕ್ಷೆಯ ತಂಡದಲ್ಲಿದ್ದ. ಅಲ್ಲಿಯ ಪೋಷಕರ ಸಂಘಕ್ಕೆ ಇವರೇ ಮುಖಂಡರು. ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅದನ್ನು ನೆನಪಿಸಿಕೊಳ್ಳದಷ್ಟು ಬುದ್ಧಿವಂತನಾಗಿದ್ದೆ.

"ನಿನ್ನ ಮನವೀಲಿ ಒಂದೂ ತಪ್ಪಿಲ್ವಂತೆ," ಎಂದರು ನಗುತ್ತಾ. "ಮಂಡಳಿಯವರೇ ಹೇಳಿದ್ರು. ಅಷ್ಟು ಸಾಕಲ್ವಾ?"

ಬೆದರಿಕೆಯೆಂದು ಹೇಳುವ ಹಾಗಿಲ್ಲ. ಹೆಗಲ ಮೇಲೆ ಕೈ ಕೂಡ ಇಟ್ಟರು. ಆದರೆ ಆ ದಿನ ಸಂಜೆವರೆಗೆ ಒಂದು ಪುಟವೂ ನನ್ನ ತಲೆಗೆ ಹತ್ತಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹುಷಾರಿಲ್ಲ ಎಂದು ಹೇಳಿ ಸಭೆ ತಪ್ಪಿಸಿಕೊಳ್ಳುವ ಯೋಚನೆಯನ್ನೂ, ಸ್ವಲ್ಪ ಸುತ್ತಿ ಬಳಸಿ, ಮುಂದಿಟ್ಟೆ. ಅವಳು ಪಾತ್ರೆ ಒರೆಸುತ್ತಿದ್ದವಳು ನಿಲ್ಲಿಸಲಿಲ್ಲ.

"ಕೆಲಸ ಹೋದ್ರೆ ನನ್ನದಿದೆಯಲ್ಲ, ನೋಡ್ಕೊಳ್ಳೋಣ. ಆದ್ರೆ ಹೋಗೋದಾದ್ರೆ ಮಾತಾಡಿದ್ದಕ್ಕೆ ಹೋಗ್ಲಿ. ಜಾಸ್ತಿ ಮಾತಾಡಿದ್ದಕ್ಕೆ ಬೇಡ."

ಸಭೆಗೆಂದು ಬರೆದಿಟ್ಟಿದ್ದ ಹನ್ನೊಂದು ಪುಟದ ಭಾಷಣವನ್ನು ಆರಕ್ಕೆ ಇಳಿಸಿದೆ. ಹೆಂಡತಿ ಪ್ರಯೋಗಾಲಯದಿಂದ ಗಡಿಯಾರವೊಂದನ್ನು ತಂದು ಅಭ್ಯಾಸ ಮಾಡಿಸಿದಳು. ಪೀಠಿಕೆಗೇ ನಾಲ್ಕು ನಿಮಿಷ ಹಿಡಿಯಿತು. ವೇಗವಾಗಿ ಓದು ಎಂದು ಮಗಳು ಸಲಹೆ ಕೊಟ್ಟಳು. ವೇಗವಾಗಿ ಓದಿದಾಗ ಸಂತೆಯಲ್ಲಿ ಸಾಮಾನು ಕೂಗುವವನ ಹಾಗೆ ಕೇಳುತ್ತದೆ ಎಂದು ಅವಳೇ ನಕ್ಕಳು.

ಸಭೆ ನಡೆದ ದೊಡ್ಡ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಐದು ಜನ ಸದಸ್ಯರು ಕೂತಿದ್ದರು. ನಡುವೆ ಮಂಡಳಿಯ ಅಧ್ಯಕ್ಷೆ, ಅವರ ಮುಂದೆ ಮೂರು ನಿಮಿಷ ಮುಗಿದೊಡನೆ ಹೊಡೆಯಲು ಒಂದು ಗಂಟೆ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಎಲ್ಲರೂ ನೀರಿನ ಲೋಟ ಇಟ್ಟುಕೊಂಡಿದ್ದರು. ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತೆ. ಎರಡನೆಯ ಸಾಲಿನಲ್ಲಿ ಯಜಮಾನರು ಕಾಲ ಮೇಲೆ ಕಾಲು ಹಾಕಿಕೊಂಡು, ಅಚ್ಚುಕೂಟದಲ್ಲಿ ಕೂರುವ ಹಾಗೆಯೇ ಕೂತಿದ್ದರು. ಆರು ಪುಟಗಳಲ್ಲಿ ಮೊದಲನೆಯದು ಯಾವುದೆಂದು ಗೊತ್ತಾಗಲಿಲ್ಲ. ಸಿಕ್ಕಿದ್ದನ್ನು ಓದಿದೆ. "ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಸದಸ್ಯರೇ, ನೆರೆದಿರುವ ಸಮಸ್ತ ಪೋಷಕ ಬಾಂಧವರೇ, ಶಿಕ್ಷಣವೆಂಬುದು ಏನು ಎಂದು ಕೇಳಿಕೊಂಡಾಗ..." ಹೀಗೆ ಹೋಯಿತು. ಶಿಕ್ಷಣವೆಂಬುದು ಏನಲ್ಲ ಎಂಬುದನ್ನು ಮುಗಿಸಿ, ಏನು ಎಂಬುದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಗಣಿತ ಎಂಬ ಶಬ್ದ ನನ್ನ ಬಾಯಿಂದ ಬಂದೇ ಇರಲಿಲ್ಲ.

"ಧನ್ಯವಾದ," ಎಂದರು ಅಧ್ಯಕ್ಷೆ. "ನಿಮ್ಮ ಬೇಡಿಕೆ ಏನು ಅಂತ ಬರೆದುಕೊಡಿ."

ನಾನು ಬಂದು ಕೂತೆ. ನಮ್ಮ ಒಂಬತ್ತು ಜನರಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ.

ಆಮೇಲೆ ಸ್ಟೇರಿಂಗ್ ಆಂಟಿ ಹೋದರು. ಎರಡು ಟ್ರಿಪ್ಪಿನ ನಡುವೆ ಬಂದಿದ್ದರು. ಕೈಯಲ್ಲಿ ಹಾಳೆಯಿರಲಿಲ್ಲ, ಫಲಿತಾಂಶ ಪುಸ್ತಿಕೆ ಇತ್ತು.

"ನಾನು ಬಸ್ ಓಡಿಸೋಳು. ಬೋರ್ಡಲ್ಲಿ ಒಂದು ಜಾಗ ಬರೆದು ಇನ್ನೊಂದು ಜಾಗಕ್ಕೆ ಬಸ್ ತಗೊಂಡು ಹೋದ್ರೆ ಸಂಜೆ ಒಳಗೆ ನನ್ನ ಕೆಲಸ ಹೋಗುತ್ತೆ. ನಿಮ್ಮ ಲೆಕ್ಕದಲ್ಲಿ ತಗ್ಗಿನ ಶಾಲೇಲಿ ಒಬ್ಬರು ಗಣಿತದ ಮೇಷ್ಟ್ರಿದಾರೆ. ನಾನು ದಿನಾ ಅವರನ್ನ ದಿಣ್ಣೆ ಶಾಲೆ ಮುಂದೆ ಇಳಿಸ್ತೀನಿ. ಎರಡು ವರ್ಷದಿಂದ. ಅಲ್ಲಿ ಮೂರು ಜನ, ಇಲ್ಲಿ ಯಾರೂ ಇಲ್ಲ. ನಮ್ಮ ಮಕ್ಕಳ ಅಂಕ ಇದರಲ್ಲಿದೆ, ನೋಡಿ. ನಮ್ಮ ಮೇಷ್ಟ್ರನ್ನ ನಮಗೆ ಕೊಡಿ."

ಪುಸ್ತಿಕೆಯನ್ನು ತೆರೆದು ಮೇಜಿನ ಮೇಲಿಟ್ಟು ನಿಂತರು. ಒಂದು ನಿಮಿಷವೂ ಆಗಿರಲಿಲ್ಲ. ಐದೂ ತಲೆಗಳು ಪುಸ್ತಿಕೆಯ ಮೇಲೆ ಬಾಗಿದವು. ಕೊನೆಯಲ್ಲಿದ್ದ ಸದಸ್ಯರೊಬ್ಬರು ಕನ್ನಡಕ ತೆಗೆದು, "ಇದು ಅಚ್ಚಿನ ತಪ್ಪಿರಬೇಕು. ಎಲ್ಲರಿಗೂ ಒಂದೇ ಅಂಕ ಬರೋದುಂಟೇ?" ಎಂದರು. ಹಿಂದಿನ ರಟ್ಟು ತಿರುಗಿಸಿ ಅಚ್ಚುಕೂಟದ ಹೆಸರು ಓದಿ ನಮ್ಮ ಯಜಮಾನರ ಕಡೆ ನೋಡಿದರು. "ನಿಮ್ಮಲ್ಲೇ ಆಗಿದ್ದಲ್ವಾ?"

ಯಜಮಾನರು ಕಾಲು ಕೆಳಗಿಳಿಸಿದರು. "ಹೌದು. ಇರಬಹುದು, ಅಚ್ಚಿನ ತಪ್ಪೇ ಇರಬಹುದು. ಪರಿಶೀಲಿಸ್ತೀವಿ."

ಅಧ್ಯಕ್ಷೆ ಪುಸ್ತಿಕೆಯನ್ನು ಮುಚ್ಚತೊಡಗಿದರು. ನನಗೆ ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ಧೈರ್ಯ ಎಂದು ಹೇಳಿಕೊಳ್ಳಲು ಆಸೆಯಿದೆ. ನಿಜ ಹೇಳಬೇಕೆಂದರೆ, ನಾನು ಮೂರು ಸಲ ನೋಡಿದ ಪುಟವನ್ನು ಅಚ್ಚಿನ ತಪ್ಪು ಎಂದುಬಿಟ್ಟರಲ್ಲ ಎಂದು ಪಿತ್ತ ನೆತ್ತಿಗೇರಿತ್ತು. ಎದ್ದು ನಿಂತೆ.

"ಅಲ್ಲ. ಕರಡು ನೋಡಿದ್ದು ನಾನು. ತಪ್ಪಿಲ್ಲ."

ನನ್ನ ಜೀವಮಾನದಲ್ಲೇ ಅತ್ಯಂತ ಚಿಕ್ಕ ಭಾಷಣ. ಮುಂದೆ ಇನ್ನೇನು ಹೇಳಬೇಕೋ ತೋಚದೆ ಬೆಪ್ಪನಂತೆ ನಿಂತಿದ್ದೆ. ಆಗ ನನ್ನ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಮುಖ್ಯೋಪಾಧ್ಯಾಯಿನಿ ಎದ್ದಿದ್ದರು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ, "ಆ ಅಂಕ ಹಾಕಿದ್ದು ನಾನು. ಬೇರೆ ದಾರಿ ಇರಲಿಲ್ಲ," ಎಂದರು.

ಯಜಮಾನರು ತಮ್ಮ ಸರದಿಯಲ್ಲಿ ಚೆನ್ನಾಗಿಯೇ ಮಾತಾಡಿದರು. ಕಷ್ಟಪಟ್ಟು ಕಟ್ಟಿದ ತಂಡ, ನಡುವರ್ಷದಲ್ಲಿ ಮೇಷ್ಟ್ರನ್ನು ಕಿತ್ತುಕೊಂಡರೆ ತಮ್ಮ ಮಕ್ಕಳಿಗೂ ಅನ್ಯಾಯವಲ್ಲವೇ ಎಂದರು. ಅವರ ದನಿ ನಡುಗಿತು. ಅದು ನಾಟಕವಾಗಿರಲಿಲ್ಲ, ಮಗನ ಮೇಲೆ ಅವರಿಗೆ ಜೀವ. ಸ್ಟೇರಿಂಗ್ ಆಂಟಿ ಕೂತಲ್ಲಿಂದಲೇ, "ನಿಮಗೆ ಇಬ್ಬರು ಉಳೀತಾರೆ ಸಾರ್," ಎಂದರು.

ಆ ಮೇಷ್ಟ್ರೂ ಬಂದಿದ್ದರು, ಕೊನೆಯ ಸಾಲಿನಲ್ಲಿ ಕೂತಿದ್ದರು. ತೆಳ್ಳಗಿನ ಮನುಷ್ಯ. ಅಧ್ಯಕ್ಷೆ ಕೇಳಿದಾಗ ಎದ್ದು, "ನಾನು ಎಲ್ಲಿರಬೇಕು ಅಂತ ಈ ಎರಡು ವರ್ಷದಲ್ಲಿ ಯಾರೂ ನನ್ನನ್ನ ಕೇಳಿಲ್ಲ ಮೇಡಂ. ಕೇಳಿದ್ರೆ ಹೇಳ್ತೀನಿ, ಕೆಳಗೆ," ಎಂದು ಕೂತರು.

ಮೂರು ವಾರಕ್ಕೆ ಆದೇಶ ಬಂತು. ವಾರಕ್ಕೆ ಮೂರು ದಿನ ನಮ್ಮಲ್ಲಿ, ಎರಡು ದಿನ ದಿಣ್ಣೆಯಲ್ಲಿ, ಮುಂದಿನ ವರ್ಷದಿಂದ ಪೂರ್ತಿ ನಮ್ಮಲ್ಲಿ. ಮುಕ್ಕಾಲು ಗೆಲುವು ಎಂದು ನಾನು ಸಿಕ್ಕವರೆದುರಿಗೆಲ್ಲ ಬೀಗುತ್ತಿದ್ದೆ. ಮೂರು ಭಾಗಿಸು ಐದು, ಮುಕ್ಕಾಲಾಗುವುದಿಲ್ಲ ಎಂದು ಒಂದು ದಿನ ಮಗಳು ತಿದ್ದಿದಳು. ಮೇಷ್ಟ್ರು ಬಂದು ಆಗ ಎರಡೇ ವಾರವಾಗಿತ್ತು.

ಮೇಷ್ಟ್ರು ಮೊದಲು ಮಾಡಿದ ಕೆಲಸ ಒಂದು ಪರೀಕ್ಷೆ. ಹನ್ನೊಂದು, ನಾಲ್ಕು, ಇಪ್ಪತ್ತಾರು, ಒಂಬತ್ತು, ಹೀಗೆ ಬಂದವು ಅಂಕಗಳು. ನನ್ನ ಮಗಳಿಗೆ ಹದಿನೇಳು. ಮರುದಿನ ಶಾಲೆಯ ಗೇಟಿನಲ್ಲಿ ಪೋಷಕರು ಗುಂಪುಗೂಡಿದರು. ನನ್ನನ್ನು ಕಂಡವರೇ, "ಇದಕ್ಕಾ ನೀವು ಹೋರಾಟ ಮಾಡಿದ್ದು? ಮೊದಲೇ ಚೆನ್ನಾಗಿತ್ತಲ್ಲ!" ಎಂದು ಮುಗಿಬಿದ್ದರು. ಅವರಿಗೆ ಸಮಾನತೆಯ ಬಗ್ಗೆ ಎರಡು ಮಾತು ಹೇಳಬೇಕೆಂದುಕೊಂಡೆ. ಆದರೆ ಹಿಂದಿನ ಸಂಜೆ ಹದಿನೇಳನ್ನು ನೋಡಿ, ಈ ಮೇಷ್ಟ್ರು ಸ್ವಲ್ಪ ಬಿಗಿ ಇರಬೇಕು, ಮಾತಾಡಿ ನೋಡಲೇ ಎಂದು ನಾನೇ ಹೆಂಡತಿಯನ್ನು ಕೇಳಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಮೇಷ್ಟ್ರೇ ಹೊರಗೆ ಬಂದು, "ಯಾರಿಗೆ ಎಲ್ಲಿ ಬರಲ್ಲ ಅಂತ ಈಗ ನನಗೆ ಗೊತ್ತಾಯ್ತು. ನಾಲ್ಕು ತಿಂಗಳು ಕೊಡಿ," ಎಂದರು. ಜನ ಗೊಣಗುತ್ತಾ ಚದುರಿದರು.

ನನ್ನ ಕೆಲಸ ಹೋಗಲಿಲ್ಲ. ಯಜಮಾನರು ಹತ್ತೊಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ, ಅಷ್ಟೇ. ಇಪ್ಪತ್ತನೆಯ ದಿನ ದಿಣ್ಣೆ ಶಾಲೆಯ ಪರಿಚಯ ಪತ್ರದ ಕರಡನ್ನು ತಂದು ನನ್ನ ಮೇಜಿನ ಮೇಲೆ ಒಗೆದರು. 'ನುರಿತ ಮೂವರು ಗಣಿತ ಶಿಕ್ಷಕರು' ಎಂದಿತ್ತು.

"ಮೂವರನ್ನ ಇಬ್ಬರು ಮಾಡು," ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತು, "ನುರಿತಕ್ಕೆ ತ ಒಂದೇನಾ, ಎರಡಾ?" ಎಂದು ಕೇಳಿದರು. ಒಂದೇ ಎಂದೆ. ಅಲ್ಲಿಗೆ ನಮ್ಮ ರಾಜಿಯಾಯಿತು.

ವರ್ಷದ ಕೊನೆಗೆ ಸಮಿತಿಯ ಚುನಾವಣೆ ನಡೆಯಿತು. ಸ್ಟೇರಿಂಗ್ ಆಂಟಿ ಅವಿರೋಧವಾಗಿ ಅಧ್ಯಕ್ಷೆಯಾದರು. ನನಗೆ ಸಭೆಯ ನಡಾವಳಿ ಬರೆಯುವ ಕೆಲಸ ಕೊಟ್ಟರು, ಒಂದು ಪುಟ ಮೀರುವಂತಿಲ್ಲ ಎಂಬ ಷರತ್ತಿನ ಮೇಲೆ. ನಾನು ಒಪ್ಪಿದೆ. ಆಮೇಲೆ ಅವರು ಎತ್ತಿಕೊಂಡ ವಿಷಯ ಹೆಣ್ಣುಮಕ್ಕಳ ಶೌಚಾಲಯದ ಚಿಲಕಗಳದ್ದು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಂತೆ. ಹಿಂದಿನ ಅಭ್ಯಾಸಬಲದಿಂದ ನನ್ನ ಮನಸ್ಸಿನಲ್ಲಿ ಆಗಲೇ ಒಂದು ಪೀಠಿಕೆ ಏಳತೊಡಗಿತ್ತು. ಅಧ್ಯಕ್ಷೆ ಅದನ್ನು ನನ್ನ ಮುಖದಲ್ಲೇ ಓದಿರಬೇಕು.

"ಮೊದಲು ಹೋಗಿ ಎಷ್ಟಿವೆ ಅಂತ ನೋಡ್ಕೊಂಡು ಬನ್ನಿ," ಎಂದರು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮುಖ್ಯೋಪಾಧ್ಯಾಯಿನಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಒಂದೊಂದು ಬಾಗಿಲನ್ನೂ ಮುಚ್ಚಿ, ಒಳಗೆ ನಿಂತು ಚಿಲಕ ಹಾಕಿ ನೋಡಿದೆ. ಏಳು ಬಾಗಿಲು. ನಾಲ್ಕಕ್ಕೆ ಚಿಲಕವೇ ಇಲ್ಲ. ಮೂರಕ್ಕೆ ಇದೆ, ಆದರೆ ಎರಡರಲ್ಲಿ ಚಿಲಕ ಒಂದು ಕಡೆ, ತೂತು ಒಂದು ಕಡೆ. ಕೊನೆಯದು ಸಲೀಸಾಗಿ ಬಿತ್ತು, ತೆಗೆಯಲು ಮಾತ್ರ ಬರಲಿಲ್ಲ. ಮುಖ್ಯೋಪಾಧ್ಯಾಯಿನಿ ಹೊರಗಿನಿಂದ ಅಳತೆಕೋಲು ತೂರಿಸಿ ಮೀಟಿ ನನ್ನನ್ನು ಬಿಡಿಸುವಷ್ಟರಲ್ಲಿ ಕಾಲು ಗಂಟೆಯಾಯಿತು.

ಮುಂದಿನ ಸಭೆಯಲ್ಲಿ ಅಧ್ಯಕ್ಷೆ ಕೇಳಿದರು, "ಎಷ್ಟು ಸರಿ ಇವೆ?"

"ಏಳರಲ್ಲಿ ಒಂದೂ ಇಲ್ಲ," ಎಂದೆ.

"ಬರ್ಕೊಳ್ಳಿ," ಎಂದು ಅವರು ಮುಂದಿನ ವಿಷಯಕ್ಕೆ ಹೋದರು. ನಾನು ಬರೆದುಕೊಂಡೆ.